ದ್ರಾಕ್ಷಿ ಹಿಂಡಿಯ ಮದ್ಯಕ್ಕೆ ಪರಿಮಳ ಎಲ್ಲಿಂದ? ನನ್ನ ಅನುಭವ

ವೈನ್‌ಗೆ ರಸ ತೆಗೆದ ಮೇಲೆ ಸಿಪ್ಪೆ, ಬೀಜ, ಒಂದಿಷ್ಟು ತೊಟ್ಟು ಉಳಿಯುತ್ತವೆ. ಆ ಹಿಂಡಿಯೇ ನನ್ನ ಕಚ್ಚಾ ಮಾಲು. ಅದನ್ನು ಬಟ್ಟಿ ಇಳಿಸಿದರೆ ಇಟಲಿಯಲ್ಲಿ ಗ್ರಾಪ್ಪಾ, ಫ್ರಾನ್ಸ್‌ನಲ್ಲಿ ಮಾರ್, ಸ್ಪೇನ್‌ನಲ್ಲಿ ಒರುಹೋ, ಗ್ರೀಸ್‌ನಲ್ಲಿ ಸಿಪೂರೊ. ಲೈಸೆನ್ಸ್ ಇರುವ ಡಿಸ್ಟಿಲರಿಯಲ್ಲಿ ನನ್ನ ಕೆಲಸ ಎರಡು. ಬಟ್ಟಿಯ ಮುಂದೆ ನಿಂತು ಮೂಸುವುದು ಒಂದು. ಅದೇ ಸ್ಯಾಂಪಲ್ಲನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ, ಅಂದರೆ ಅದರಲ್ಲಿರುವ ಸಂಯುಕ್ತಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗೆರೆಯಾಗಿ ತೋರಿಸುವ ಮಷೀನ್‌ಗೆ ಹಾಕಿ, ಮೂಗು ಹೇಳಿದ್ದು ನಿಜವಾ ಅಂತ ನೋಡುವುದು ಇನ್ನೊಂದು.

ಹೊಸದಾಗಿ ಬರುವವರು ಹೆಡ್ಸ್ (ಬಟ್ಟಿಯಿಂದ ಮೊದಲು ಬರುವ ಪಾಲು), ಟೇಲ್ಸ್ (ಕೊನೆಗೆ ಬರುವ ಪಾಲು) ಎಲ್ಲಿ ಕತ್ತರಿಸಬೇಕು ಅಂತಲೇ ಕೇಳುತ್ತಾರೆ. ನಾನು ಅವರನ್ನು ಮೊದಲು ಹಿಂಡಿ ತುಂಬಿಟ್ಟ ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬಟ್ಟಿ ಆರಿಸಿ ಕೊಡುತ್ತದೆ ಅಷ್ಟೇ. ಆರಿಸಲು ಏನಿದೆ ಅನ್ನುವುದು ಡ್ರಮ್ಮಿನಲ್ಲೇ ತೀರ್ಮಾನವಾಗಿರುತ್ತದೆ.

ಕೆಂಪು ವೈನಿನ ಹಿಂಡಿ ಹುದುಗಿಯೇ ಬರುತ್ತದೆ. ಬಂದ ಕೂಡಲೇ ಬಟ್ಟಿಗೆ ಹಾಕಬಹುದು. ಬಿಳಿ ವೈನಿನದ್ದು ಸಿಹಿ ಹಿಂಡಿ, ಸಕ್ಕರೆ ಹಾಗೇ ಇರುತ್ತದೆ. ಅದು ನಮ್ಮಲ್ಲೇ ಹುದುಗಬೇಕು. ತೊಂದರೆ ಎಲ್ಲ ಶುರುವಾಗುವುದು ಈ ಕಾಯುವ ಅವಧಿಯಲ್ಲಿ. ನಡುವೆ ಗಾಳಿ ಉಳಿದರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡುತ್ತವೆ, ಜೊತೆಗೆ ಈಥೈಲ್ ಅಸಿಟೇಟ್ ಏರುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಅದು. ಸ್ವಲ್ಪ ಇದ್ದರೆ ಹಣ್ಣಿನ ಹಾಗೆ ಚೆನ್ನಾಗಿಯೇ ಇರುತ್ತದೆ. ಜಾಸ್ತಿಯಾದರೆ ಹೆಡ್ಸ್ ದಾಟಿ ಹಾರ್ಟ್ಸ್‌ಗೂ (ನಾವು ಇಟ್ಟುಕೊಳ್ಳುವ ನಡುವಿನ ಪಾಲಿಗೂ) ನುಗ್ಗುತ್ತದೆ, ಆಗ ಎಷ್ಟು ಕತ್ತರಿಸಿದರೂ ಸಾಲುವುದಿಲ್ಲ.

ಅದಕ್ಕೇ ನಾನು ಹಿಂಡಿಯನ್ನು ಪದರ ಪದರವಾಗಿ ಒತ್ತಿ ತುಂಬಿಸುತ್ತೇನೆ, ಗಾಳಿಯಾಡದಂತೆ ಮುಚ್ಚುತ್ತೇನೆ. ಸಿಹಿ ಹಿಂಡಿಗೆ ಆಸಿಡ್ ಸೇರಿಸಿ ಪಿಎಚ್ ಅನ್ನು (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3ರ ಹತ್ತಿರಕ್ಕೆ ಇಳಿಸಿ, ಯೀಸ್ಟ್ ಹಾಕುತ್ತೇನೆ. ಅಷ್ಟು ಹುಳಿಯಲ್ಲಿ ಯೀಸ್ಟ್ ಬದುಕುತ್ತದೆ, ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಕಷ್ಟ. ಅವು ಗೆದ್ದರೆ ಏನಾಗುತ್ತದೆ ಅಂತ ಮಷೀನ್ ಸ್ಪಷ್ಟವಾಗಿ ತೋರಿಸುತ್ತದೆ. ಈಥೈಲ್ ಲ್ಯಾಕ್ಟೇಟ್ ಏರುತ್ತದೆ. ಬ್ಯೂಟಿರಿಕ್ ಆಸಿಡ್ ಬಂದರೆ ಕೆಟ್ಟ ಬೆಣ್ಣೆಯ ನಾತ. ಗ್ಲಿಸರಾಲ್ ಒಡೆದು ಅಕ್ರೋಲೀನ್ ಆದರೆ ಕಣ್ಣು, ಮೂಗು ಉರಿಯುತ್ತವೆ. ನಾನು ಮೊದಲು ಹುಡುಕುವುದು 2-ಬ್ಯೂಟನಾಲ್ ಅನ್ನುವ ಆಲ್ಕೋಹಾಲನ್ನು. ಯೀಸ್ಟ್ ಅದನ್ನು ಹೆಚ್ಚುಕಮ್ಮಿ ಮಾಡುವುದೇ ಇಲ್ಲ. ಅದರ ಗೆರೆ ಎತ್ತರವಾಗಿ ಎದ್ದಿದ್ದರೆ ಆ ಹಿಂಡಿ ಎಲ್ಲೋ ಕೆಟ್ಟಿತ್ತು ಅಂತಲೇ ಲೆಕ್ಕ, ಕೊಟ್ಟವರು ಏನೇ ಹೇಳಲಿ.

ವಿಷಕಾರಿ ಆಲ್ಕೋಹಾಲ್ ಆದ ಮೆಥನಾಲ್ ಬಗ್ಗೆ ಒಂದು ಮಾತು. ಅದು 64.7 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ನಾವು ಕುಡಿಯುವ ಆಲ್ಕೋಹಾಲ್ ಆದ ಎಥನಾಲ್ 78ರ ಆಸುಪಾಸಿನಲ್ಲಿ. ಹಾಗಾಗಿ ಹೆಡ್ಸ್ ಚೆಲ್ಲಿದರೆ ಮೆಥನಾಲ್ ಹೋಯಿತು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ನೀರು ಬೆರೆತಿರುವಾಗ ಅದು ಮೊದಲಿನಿಂದ ಕೊನೆಯವರೆಗೂ ಬರುತ್ತಲೇ ಇರುತ್ತದೆ, ಟೇಲ್ಸ್‌ನಲ್ಲೂ ಸಿಗುತ್ತದೆ. ಅದು ಹುಟ್ಟುವುದು ಸಿಪ್ಪೆಯ ಪೆಕ್ಟಿನ್‌ನಿಂದ, ಕಿಣ್ವಗಳ ಕೆಲಸದಿಂದ. ಹಿಂಡಿ ಕೂತಷ್ಟೂ ಜಾಸ್ತಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಹಿಂಡಿಯ ಮದ್ಯಕ್ಕೆ 100 ಲೀಟರ್ ಶುದ್ಧ ಆಲ್ಕೋಹಾಲ್‌ಗೆ 1,000 ಗ್ರಾಂ ಮೆಥನಾಲ್ ಗರಿಷ್ಠ ಮಿತಿ. ತಮಾಷೆ ಏನೆಂದರೆ, ಅದೇ ನಿಯಮ ಬೇರೆ ಆವಿಯಾಗುವ ಸಂಯುಕ್ತಗಳಿಗೆ ಕನಿಷ್ಠ ಮಿತಿ ಇಟ್ಟಿದೆ: 140 ಗ್ರಾಂ. ಬರೀ ಶುದ್ಧ ಆಲ್ಕೋಹಾಲ್ ಕೊಟ್ಟರೆ ಅದಕ್ಕೆ ಆ ಹೆಸರೇ ಇಲ್ಲ.

ನನಗೆ ಅತಿ ಇಷ್ಟದ ಕೆಲಸ ಮಸ್ಕಟ್ ದ್ರಾಕ್ಷಿಯದ್ದು. ಅದರ ಸಿಪ್ಪೆಯಲ್ಲಿ ಹೂವಿನ ಪರಿಮಳ ಕೊಡುವ ಟರ್ಪೀನ್‌ಗಳು ತುಂಬಿರುತ್ತವೆ: ಲಿನಲೂಲ್, ಜೆರಾನಿಯಾಲ್, ನೆರಾಲ್. ಬಹುಪಾಲು ಸಕ್ಕರೆಗೆ ಅಂಟಿಕೊಂಡಿರುವುದರಿಂದ ಹಸಿ ಸಿಪ್ಪೆ ಮೂಸಿದರೆ ಪೂರ್ತಿ ಗೊತ್ತಾಗುವುದಿಲ್ಲ. ಬಟ್ಟಿಯೊಳಗಿನ ಬಿಸಿ ಮತ್ತು ಹುಳಿ ಆ ಗಂಟನ್ನು ಬಿಡಿಸುತ್ತವೆ. ಆದರೆ ಸುಮ್ನೆ ಬಿಡಿಸಿ ಬಿಡುವುದಿಲ್ಲ, ಜೆರಾನಿಯಾಲ್ ಮತ್ತು ನೆರಾಲ್‌ನ ಒಂದು ಪಾಲನ್ನು ಲಿನಲೂಲ್, ಆಲ್ಫಾ-ಟರ್ಪಿನಿಯಾಲ್ ಆಗಿ ಬದಲಾಯಿಸುತ್ತವೆ. ತುಂಬಾ ಹೊತ್ತು ಕುದಿಸಿದರೆ ಹೂವಿನ ಕಂಪು ಇಳಿದು ರಾಳದಂಥ ವಾಸನೆ ಮುಂದೆ ಬರುತ್ತದೆ. ಲಿನಲೂಲ್ ಬೇಗ ಹೊರಬರುತ್ತದೆ, ಗುಲಾಬಿಯ ನೆನಪು ತರುವ ಜೆರಾನಿಯಾಲ್ ತಡವಾಗಿ. ಮಸ್ಕಟ್‌ನಲ್ಲಿ ಹೆಡ್ಸ್ ಕತ್ತರಿಸುವಾಗ ನಾನು ಸ್ವಲ್ಪ ಜಿಪುಣ. ಗಡಿಬಿಡಿಯಲ್ಲಿ ಜಾಸ್ತಿ ಚೆಲ್ಲಿದರೆ ಲಿನಲೂಲೂ ಅದರ ಜೊತೆ ಹೋಗುತ್ತದೆ.

ಟೇಲ್ಸ್ ಕಡೆ ಗೊಂದಲ ಇನ್ನೂ ಹೆಚ್ಚು. ಗುಲಾಬಿ ವಾಸನೆಯ 2-ಫಿನೈಲ್ ಎಥನಾಲ್ ಕುದಿಯುವುದು 219 ಡಿಗ್ರಿಗೆ, ಬರುವುದು ಕೊನೆಗೆ. ಈಥೈಲ್ ಲ್ಯಾಕ್ಟೇಟ್, ಅಸಿಟಿಕ್ ಆಸಿಡ್, ಫರ್‌ಫ್ಯುರಲ್ ಬರುವುದೂ ಆಗಲೇ. ಒಳ್ಳೆಯದನ್ನು ಮಾತ್ರ ಕರೆದು, ಉಳಿದವನ್ನು ಬಾಗಿಲಲ್ಲೇ ನಿಲ್ಲಿಸುವ ದಾರಿ ಇಲ್ಲ. ಸಾಮಾನ್ಯವಾಗಿ ಹೊರಬರುವ ದ್ರವದ ಆಲ್ಕೋಹಾಲ್ ಶೇಕಡಾ 50ರ ಹತ್ತಿರ ಇಳಿದಾಗ ನಾನು ಎಚ್ಚರವಾಗುತ್ತೇನೆ, ಆದರೆ ನಿರ್ಧಾರ ಮೂಗಿನದ್ದು. ಗಟ್ಟಿ ಸ್ಪಿರಿಟ್ಟನ್ನು ನೇರವಾಗಿ ಮೂಸಬೇಡಿ. ಆಲ್ಕೋಹಾಲಿನ ಚುರುಕು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆಲ್ಕೋಹಾಲ್ ಶೇಕಡಾ 25-30ಕ್ಕೆ ಇಳಿಯುವಷ್ಟು ನೀರು ಬೆರೆಸಿ, ಬಾಯಿ ಕಿರಿದಾದ ಲೋಟದಲ್ಲಿ ಮೂಸಿದರೆ ಒದ್ದೆ ರಟ್ಟಿನಂಥ ವಾಸನೆ ಮೊದಲೇ ಸಿಕ್ಕಿಬೀಳುತ್ತದೆ. ಹಸಿ ಹುಲ್ಲಿನ ವಾಸನೆ ಬಂದರೆ ಅದು ಹೆಕ್ಸನಾಲ್ ಕಡೆಯವರದ್ದು. ಎಲೆ, ತೊಟ್ಟು ಜಾಸ್ತಿ ಸೇರಿವೆ ಅಂತ ಅರ್ಥ.

ಕೆಲವೊಮ್ಮೆ ವೈನ್ ತಳದಲ್ಲಿ ಕೂತ ಯೀಸ್ಟ್ ಗಷ್ಟನ್ನೂ ಹಿಂಡಿಗೆ ಸೇರಿಸುತ್ತೇನೆ. ಯುರೋಪಿನ ನಿಯಮದಲ್ಲಿ 100 ಕಿಲೋ ಹಿಂಡಿಗೆ 25 ಕಿಲೋವರೆಗೆ ಅವಕಾಶವಿದೆ. ಈಥೈಲ್ ಹೆಕ್ಸನೋಯೇಟ್, ಆಕ್ಟನೋಯೇಟ್, ಡೆಕನೋಯೇಟ್‌ನಂಥ ಹಣ್ಣಿನ ವಾಸನೆಯ ಎಸ್ಟರ್‌ಗಳು ಯೀಸ್ಟ್ ಕೋಶದಿಂದಲೇ ಬರುವುದರಿಂದ ಮದ್ಯದ ರುಚಿ ತುಂಬಿಕೊಂಡು ಮೃದುವಾಗುತ್ತದೆ. ಆದರೆ ಉದ್ದ ಸರಪಳಿಯ ಎಸ್ಟರ್‌ಗಳಿಗೆ ನೀರು ಆಗಿಬರುವುದಿಲ್ಲ. ಬಾಟಲಿಗೆ ತುಂಬಲು ಶೇಕಡಾ 40ಕ್ಕೆ ಇಳಿಸಿದ ಕೂಡಲೇ ಮಂಜು ಕವಿದಂತೆ ಆಗುತ್ತದೆ. ಸೊನ್ನೆಗಿಂತ ಕೆಳಗೆ ತಣಿಸಿ ಸೋಸಿದರೆ ತಿಳಿಯಾಗುತ್ತದೆ, ಜೊತೆಗೆ ಅದೇ ಎಸ್ಟರ್‌ಗಳಲ್ಲಿ ಒಂದಿಷ್ಟು ಫಿಲ್ಟರಿನಲ್ಲೇ ಉಳಿಯುತ್ತವೆ. ಆದ್ದರಿಂದ ನಾನು ಅಗತ್ಯಕ್ಕಿಂತ ಜಾಸ್ತಿ ತಣಿಸುವುದಿಲ್ಲ. ತುಂಬಾ ತಂಪಾದಾಗ ಬಾಟಲಿ ಸ್ವಲ್ಪ ಮಬ್ಬಾದರೂ ಪರವಾಗಿಲ್ಲ ಅನ್ನುವ ಕಡೆ ನಾನು.