ಬಯೋಡೇಟಾಕ್ಕೆ ಅಂಗೈಗಿಂತ ಸಣ್ಣ ನಕ್ಷೆ

ಬಳ್ಳಾರಿಯಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಬಯೋಡೇಟಾ ಮಾಡಿಸಲು ಬರುವ ಎಲ್ಲರಿಗೂ ಕೆಲಸ ಮಾಡಿದ ಜಿಲ್ಲೆ ತೋರಿಸುವ ನಕ್ಷೆ ಬೇಕಿಲ್ಲ. ಓದಿ ಈಗಷ್ಟೇ ಹೊರಬಿದ್ದವರು ಕೇಳಿದರೆ ನಾನೇ ಬೇಡ ಅಂತೀನಿ. ಊರೂರು ತಿರುಗುವ ಕೆಲಸದವರಿಗೆ ಅದು ಒಪ್ಪುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು, ಮಾನ್ವಿ ಅಂತ ಭತ್ತದ ಸೀಮೆಯನ್ನೆಲ್ಲ ಬೈಕಿನಲ್ಲಿ ಸುತ್ತಿ ಔಷಧಿ ಮಾರಿದವನ ಏರಿಯಾ ಎಷ್ಟು ದೊಡ್ಡದು ಅಂತ ಬೆಂಗಳೂರಲ್ಲಿ ಕೂತವರಿಗೆ ಬರೀ ಹೆಸರು ಓದಿದರೆ ತಿಳಿಯಲ್ಲ. ಮೂರು ಜಿಲ್ಲೆಗೆ ಬಣ್ಣ ಹಚ್ಚಿಟ್ಟರೆ ಕಣ್ಣಿಗೆ ಬೀಳುತ್ತದೆ.

ಗೂಗಲ್ ಮ್ಯಾಪಿನ ಸ್ಕ್ರೀನ್‌ಶಾಟ್ ಹಾಕಬೇಡಿ, ರಸ್ತೆ, ಹೋಟೆಲು, ಪೆಟ್ರೋಲ್ ಬಂಕು ಎಲ್ಲ ಸೇರಿ ಪ್ರಿಂಟಿನಲ್ಲಿ ಕಲಸುಮೇಲೋಗರ ಆಗುತ್ತದೆ. ಪುಕ್ಕಟೆ ಚಿತ್ರಗಳ ತಾಣ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಕರ್ನಾಟಕದ ಖಾಲಿ ಜಿಲ್ಲಾ ನಕ್ಷೆ ಎಸ್‌ವಿಜಿ ಫೈಲಾಗಿ, ಅಂದರೆ ಗೆರೆಗಳಿಂದಾದ ಚಿತ್ರವಾಗಿ, ಸಿಗುತ್ತದೆ. ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಗೆರೆ ಒಡೆಯಲ್ಲ. ಲೈಸೆನ್ಸ್ ಓದಿ. ಮಾಡಿದವರ ಹೆಸರು ಹಾಕಿ ಅಂತಿದ್ದರೆ ಕೆಳಗೆ ಸಣ್ಣಕ್ಷರದಲ್ಲಿ ಹಾಕಿ.

ಇಳಿಸಿಕೊಂಡ ಕೂಡಲೇ ಜಿಲ್ಲೆ ಎಣಿಸಿ, 31 ಇರಬೇಕು. ಎಣಿಸದೆ ನಾನು ಕೆಟ್ಟಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ನಮ್ಮಿಂದ ಆಚೆ ಹೋದವು. ನನ್ನ ಕಂಪ್ಯೂಟರಿನಲ್ಲಿದ್ದದ್ದು ಹಳೇ 30 ಜಿಲ್ಲೆಯ ನಕ್ಷೆ. ಹೊಸಪೇಟೆಯ ಹುಡುಗ ಪ್ರಿಂಟ್ ಹಿಡಿದು, “ಅಣ್ಣಾ, ನಮ್ಮೂರು ಇನ್ನಾ ಬಳ್ಳಾರಿಯಾಗೇ ಐತೇನು?” ಅಂದ. ಹತ್ತು ಪ್ರತಿ ದಂಡ.

ವರ್ಡ್‌ನಲ್ಲಿ ಇನ್ಸರ್ಟ್, ಪಿಕ್ಚರ್ಸ್ ಒತ್ತಿ ಫೈಲ್ ತನ್ನಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಕನ್ವರ್ಟ್ ಟು ಶೇಪ್’ ಕೊಟ್ಟರೆ ಜಿಲ್ಲೆಗಳು ಬಿಡಿಬಿಡಿ ಆಗುತ್ತವೆ. ಮೊದಲು ಎಲ್ಲಕ್ಕೂ ತಿಳಿ ಬೂದು ಬಣ್ಣ. ಆಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಒಂದೊಂದೇ ಒತ್ತಿ ‘ಶೇಪ್ ಫಿಲ್’ನಲ್ಲಿ ಕಡು ನೀಲಿ. ಒಂದೇ ಬಣ್ಣ ಸಾಕು. ಹಳೇ ವರ್ಡ್‌ಗೆ ಎಸ್‌ವಿಜಿ ಹತ್ತಲ್ಲ; ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಬಣ್ಣ ತುಂಬಿ 300 ಡಿಪಿಐ (ಪ್ರಿಂಟಿಗೆ ಸಾಕಾಗುವಷ್ಟು ಸ್ಪಷ್ಟ) ಪಿಎನ್‌ಜಿ ಮಾಡಿ ತನ್ನಿ.

ಸಣ್ಣದು ಮಾಡುವಾಗ ಮೂಲೆ ಹಿಡಿದೇ ಎಳೆಯಿರಿ. ನಮ್ಮ ರಾಜ್ಯ ಉದ್ದುದ್ದ, ಉತ್ತರ-ದಕ್ಷಿಣ ಸುಮಾರು 750 ಕಿ.ಮೀ., ಪೂರ್ವ-ಪಶ್ಚಿಮ 400. ಪಕ್ಕ ಹಿಡಿದು ಎಳೆದರೆ ಕರ್ನಾಟಕ ಕುಂಬಳಕಾಯಿ ಆಗುತ್ತದೆ. ಮೂರು ಸೆಂಟಿಮೀಟರ್ ಅಗಲ ಬೇಕಾದಷ್ಟಾಯಿತು. ಲೇಔಟ್ ‘ಇನ್ ಲೈನ್ ವಿತ್ ಟೆಕ್ಸ್ಟ್’ ಇಡಿ, ನಕ್ಷೆ ಸಾಲಿನೊಳಗೇ ಕೂರುತ್ತದೆ; ಇಲ್ಲದಿದ್ದರೆ ಮೇಲೆ ಸಾಲು ಸೇರಿಸಿದಾಗ ನಕ್ಷೆ ಇದ್ದ ಜಾಗ ಬಿಟ್ಟು ಸರಿಯಬಹುದು.

ಊರಿನ ಹೆಸರುಗಳನ್ನು ಅನುಭವದ ಸಾಲಿನಲ್ಲೂ ಟೈಪ್ ಮಾಡಿ. ದೊಡ್ಡ ಕಂಪನಿಗಳಲ್ಲಿ ಅರ್ಜಿ ಸೋಸುವ ಸಾಫ್ಟ್‌ವೇರ್ ಅಕ್ಷರ ಹುಡುಕುತ್ತದೆ, ಅದಕ್ಕೆ ಚಿತ್ರದ ಬಣ್ಣ ಅರ್ಥವಾಗಲ್ಲ.

ಪಿಡಿಎಫ್ ಮಾಡಿ ಕಪ್ಪು-ಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿ. ಮೊನ್ನೆ ಒಬ್ಬರು ಹಟ ಹಿಡಿದು ಕೆಂಪು, ಹಸಿರು ಎರಡೂ ಹಾಕಿಸಿದರು. ಝೆರಾಕ್ಸಿನಲ್ಲಿ ಎರಡೂ ಒಂದೇ ಬೂದು.