ಮರಿ ಏಳದಿದ್ದರೆ ಮೊದಲು ಹುಂಜವನ್ನು ನೋಡಿ

ಕಾವಿಗಿಟ್ಟ ಮೊಟ್ಟೆ ಮರಿಯಾಗದಿದ್ದರೆ ನಮ್ಮ ಕಡೆ ಬೈಗುಳ ಬೀಳುವುದು ಕಾವು ಕೂತ ಹೇಂಟೆಗೆ. ಸರಿಯಾಗಿ ಕೂರಲಿಲ್ಲ, ಎದ್ದೆದ್ದು ಹೋಯಿತು ಅಂತ. ತುಮಕೂರು ಸೀಮೆಯ ತೆಂಗಿನ ತೋಟದಲ್ಲಿ ನಾಟಿ ಕೋಳಿ ಮರಿ ಮಾಡಿಸಿಕೊಂಡು ಬಂದಿರುವ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಹುಂಜದ್ದು. ಅದನ್ನು ಯಾರೂ ಗಮನಿಸುವುದಿಲ್ಲ ಎಂಬುದೇ ನನಗೆ ಬೇಸರ.

ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಅಂಗಡಿಗೆ ಬರುವ ಫಾರಂ ಮೊಟ್ಟೆ ಅಂಥದ್ದೇ, ಅದನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿ ಬರದು. ಮರಿ ಬೇಕೆಂದರೆ ಹುಂಜ ಮೆಟ್ಟಬೇಕು, ಆದರೆ ದಿನಾ ಮೆಟ್ಟಬೇಕೆಂದೇನಿಲ್ಲ. ಒಮ್ಮೆ ಕೂಡಿದರೆ ವೀರ್ಯ ಹೇಂಟೆಯ ಅಂಡನಾಳದ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಲ್ಲಿ ಉಳಿದು, ಹತ್ತು ದಿನ, ಕೆಲವೊಮ್ಮೆ ಎರಡು ಮೂರು ವಾರದವರೆಗೂ ಕೆಲಸ ಮಾಡುತ್ತದೆ. ಹಳದಿ ಭಾಗ ಅಂಡಾಶಯದಿಂದ ಜಾರಿದ ಕಾಲು ಗಂಟೆಯೊಳಗೆ ಫಲ ಕಟ್ಟಿಬಿಡಬೇಕು. ಆಮೇಲೆ ಸುತ್ತ ಲೋಳೆ ಸೇರಿಕೊಂಡು ದಾರಿ ಮುಚ್ಚಿಹೋಗುತ್ತದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ.

ಕೋಳಿ ಕೂಡುವುದನ್ನು ನೋಡಬೇಕೆಂದರೆ ಇಳಿಹೊತ್ತಿನಲ್ಲಿ ತೋಟದಲ್ಲಿ ಸುಮ್ಮನೆ ಕೂರಬೇಕು. ಬೆಳಗ್ಗೆ ಹೇಂಟೆಗಳಿಗೆ ಮೊಟ್ಟೆ ಇಡುವ ಚಿಂತೆ, ಸಂಜೆಗೆ ಬಿಡುವು. ಒಳ್ಳೆಯ ಹುಂಜ ಹುಳುವೋ ಕಾಳೋ ಸಿಕ್ಕರೆ ತಾನು ನುಂಗದೆ, ಕೊಕ್ಕಿನಲ್ಲಿ ಎತ್ತಿ ಕೆಳಗಿಟ್ಟು 'ಕುಕ್ ಕುಕ್' ಎಂದು ಕರೆಯುತ್ತದೆ. ಹೇಂಟೆ ಬಂದು ತಿಂದ ಮೇಲೆ ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಕಾಲಿನಿಂದ ಗರಿಗಳನ್ನು ಪರಪರ ಕೆರೆಯುತ್ತ ಅದರ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ಹೇಂಟೆಗೆ ಮನಸ್ಸಿದ್ದರೆ ರೆಕ್ಕೆ ಸ್ವಲ್ಪ ಬಿಡಿಸಿ ಕುಕ್ಕರಿಸುತ್ತದೆ. ಹುಂಜ ಬೆನ್ನ ಮೇಲೆ ಹತ್ತಿ, ಕತ್ತಿನ ಗರಿ ಕಚ್ಚಿ ಹಿಡಿದು, ಎರಡು ಕಾಲನ್ನೂ ಒತ್ತಿ ಒತ್ತಿ ನಿಲುವು ಸರಿಮಾಡಿಕೊಂಡು ಬಾಲವನ್ನು ಕೆಳಕ್ಕೆ ಬಾಗಿಸುತ್ತದೆ. ಹುಂಜಕ್ಕೆ ಹೊರಗೆ ಚಾಚುವ ಅಂಗವಿಲ್ಲ. ಎರಡರ ಗುದದ್ವಾರಗಳು ಒಂದಕ್ಕೊಂದು ತಾಗುತ್ತವೆ, ವೀರ್ಯ ದಾಟುತ್ತದೆ. ಎಲ್ಲ ಕೆಲವೇ ಸೆಕೆಂಡು. ಇಳಿದ ಮೇಲೆ ಹೇಂಟೆ ಎದ್ದು ಮೈಯೆಲ್ಲ ಕೊಡವಿಕೊಂಡು ಮೇಯಲು ಹೋಗುತ್ತದೆ.

ನಾನು ಹುಂಜ ಆರಿಸುವುದು ಇದನ್ನು ನೋಡಿಯೇ. ಕರೆದು ತಿನ್ನಿಸುವ ಹುಂಜದ ಹತ್ತಿರ ಹೇಂಟೆಗಳು ತಾವಾಗಿ ಕೂರುತ್ತವೆ. ಅಟ್ಟಿಸಿಕೊಂಡು ಹೋಗಿ ಮೆಟ್ಟುವ ಹುಂಜ ಎಷ್ಟೇ ದಷ್ಟಪುಷ್ಟವಾಗಿದ್ದರೂ ನನಗೆ ಬೇಡ. ಗುಂಪಿನಲ್ಲಿ ಕೆಳಗಿನ ಸ್ಥಾನದ ಹುಂಜ ಬಲವಂತವಾಗಿ ಕೂಡಿದರೆ ಹೇಂಟೆ ಅದರ ವೀರ್ಯವನ್ನು ಹೊರಗೆ ಚೆಲ್ಲಿಬಿಡಬಲ್ಲದು. ಇದು ಸಂಶೋಧಕರೇ ಕಂಡುಕೊಂಡ ಸಂಗತಿ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸರಿ. ಎರಡು ಮೂರೇ ಇದ್ದರೆ ಅವುಗಳ ಬೆನ್ನು ಬೋಳಾಗುತ್ತದೆ, ಕಾಲ್ಮುಳ್ಳು ತಾಗಿ ಗಾಯವೂ ಆಗುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಚೆನ್ನಾಗಿ ಬೆಳೆಯುವ ತಳಿ, ಆದರೆ ಅದರ ಭಾರದ ಹುಂಜವನ್ನು ನಾನು ಸಣ್ಣ ನಾಟಿ ಹೇಂಟೆಗಳ ಜೊತೆ ಬಿಡುವುದಿಲ್ಲ. ಬೇಸಿಗೆಯ ಝಳಕ್ಕೆ ವೀರ್ಯ ಸೊರಗುತ್ತದೆ, ಆಗ ನೆರಳು ಮತ್ತು ತಣ್ಣೀರು ಮೊದಲು.

ಹುಂಜದ ಕೆಲಸ ಆಗಿದೆಯೋ ಇಲ್ಲವೋ ತಿಳಿಯಲು ಕಾವಿಗಿಡುವ ಮುಂಚೆ ಅಡುಗೆಗೆ ಒಡೆಯುವ ಮೊಟ್ಟೆಯನ್ನು ತಟ್ಟೆಗೆ ಹಾಕಿ ನೋಡುತ್ತೇನೆ. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅದು ಸಣ್ಣದಾಗಿ, ಗಟ್ಟಿಯಾಗಿ, ಅಂಚು ಹರಿದಂತಿದ್ದರೆ ಫಲವಿಲ್ಲ. ಕೊಂಚ ಅಗಲವಾಗಿ, ನಡುವೆ ತಿಳಿಯಾಗಿ, ಸುತ್ತ ಬಳೆಯಂತೆ ಗುಂಡಗಿದ್ದರೆ ಫಲ ಕಟ್ಟಿದೆ.

ಕಾವಿನ ಕೋಳಿ ಮೈ ಉಬ್ಬಿಸಿಕೊಂಡು, ಗೊರಗುಟ್ಟುತ್ತ, ಕೈ ಹಾಕಿದರೆ ಕುಕ್ಕುತ್ತದೆ. ಒಂದೆರಡು ರಾತ್ರಿ ಗೂಡು ಬಿಟ್ಟೇಳದಿದ್ದರೆ ಕತ್ತಲಾದ ಮೇಲೆ ಹೊಟ್ಟು ಹಾಸಿದ ಬುಟ್ಟಿಯಲ್ಲಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕೂರಿಸುತ್ತೇನೆ. ವಾರಕ್ಕಿಂತ ಹಳೆಯ ಮೊಟ್ಟೆ ಇಡುವುದಿಲ್ಲ, ತೊಳೆಯುವುದಂತೂ ಇಲ್ಲವೇ ಇಲ್ಲ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅವ್ವ ಒಂದು ಕಬ್ಬಿಣದ ಮೊಳೆ, ಇದ್ದಿಲ ಚೂರು ಹಾಕುತ್ತಾಳೆ. ಅವಳ ಸಮಾಧಾನಕ್ಕೆ ಅದೂ ಇರಲಿ.

ಏಳನೆಯ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ಅಗಲದ ತುದಿ ಇಟ್ಟು ನೋಡಿದರೆ ವಿಷಯ ಬಯಲಾಗುತ್ತದೆ. ಕೆಂಪು ನರಗಳು ಹರಡಿ ನಡುವೆ ಕಪ್ಪು ಚುಕ್ಕೆ ಅಲುಗಿದರೆ ಮರಿ ಬೆಳೆಯುತ್ತಿದೆ. ರಕ್ತದ ಉಂಗುರ ಮಾತ್ರ ಕಂಡರೆ ಫಲ ಕಟ್ಟಿಯೂ ಸತ್ತಿದೆ, ತಪ್ಪು ಕಾವಿನದ್ದೋ ಮೊಟ್ಟೆ ಕೂಡಿಟ್ಟ ರೀತಿಯದ್ದೋ ಇರಬೇಕು. ಪೂರಾ ತಿಳಿಯಾಗಿದ್ದರೆ ಸಾಮಾನ್ಯವಾಗಿ ಹುಂಜದ ಕಡೆಯ ಕೊರತೆ. ಅಂಥವು ಹೆಚ್ಚಿದ್ದರೆ ನಾನು ಹುಂಜ ಬದಲಿಸುತ್ತೇನೆ. 18ನೆಯ ದಿನದಿಂದ ಬುಟ್ಟಿ ಮುಟ್ಟುವುದಿಲ್ಲ, 21ಕ್ಕೆ ಚಿಪ್ಪು ಬಿರಿಯುತ್ತದೆ. ಬಾತು ಮೊಟ್ಟೆಗೆ 28 ದಿನ ಬೇಕು, ಆದ್ದರಿಂದ ಎರಡನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಬಾರದು.

ಹುಂಜ ಚೆನ್ನಾಗಿದ್ದರೂ ಅದರ ಮಗಳು ಮೊಟ್ಟೆಗೆ ಬರುವ ಹೊತ್ತಿಗೆ ಬೇರೆ ಊರಿನವರೊಂದಿಗೆ ಅದಲುಬದಲು ಮಾಡಿಕೊಳ್ಳುತ್ತೇನೆ. ಹೊಸದನ್ನು ರೋಗ ನೋಡಲು ಎರಡು ವಾರ ಬೇರೆ ಪಂಜರದಲ್ಲಿಟ್ಟು, ರಾತ್ರಿ ಹೊತ್ತು ಗೂಡಿಗೆ ಸೇರಿಸುತ್ತೇನೆ. ಮೊದಲ ಮೂರು ವಾರದ ಮೊಟ್ಟೆಗಳಲ್ಲಿ ಹಳೆಯ ಹುಂಜದ ವೀರ್ಯ ಉಳಿದಿರಬಹುದು, ಹಾಗಾಗಿ ಅವೆಲ್ಲ ಅಡುಗೆಮನೆಗೆ. ನಾಲ್ಕನೆಯ ವಾರದಿಂದ ಪೆನ್ಸಿಲಿನಲ್ಲಿ ತಾರೀಖು ಬರೆದು ಕಾವಿಗೆ ಎತ್ತಿಡುತ್ತೇನೆ.