ಅಲುಗಿದ ವಿಡಿಯೊ ಸ್ಥಿರಗೊಳಿಸುವಾಗ ಅಡಿಕೆ ಮರ ಬಳುಕದಿರಲು

ಜೋಗದ ಮಳೆಗಾಲವನ್ನೋ ಆಗುಂಬೆ ಘಾಟಿಯ ತಿರುವುಗಳನ್ನೋ ಕೈಯಲ್ಲೇ ಹಿಡಿದು ಚಿತ್ರೀಕರಿಸಿದವರು, ಮನೆಗೆ ಬಂದೊಡನೆ ಎಡಿಟಿಂಗ್ ತಂತ್ರಾಂಶದ ಸ್ಟೆಬಿಲೈಸರ್‌ಗೆ, ಅಂದರೆ ಫ್ರೇಮುಗಳನ್ನು ಸರಿಸಿ ಅಂಚು ಕತ್ತರಿಸಿ ಅಲುಗಾಟ ತೆಗೆಯುವ ಸೌಲಭ್ಯಕ್ಕೆ, ವಿಡಿಯೊವನ್ನು ಒಪ್ಪಿಸಿಬಿಡುತ್ತಾರೆ. ಅಲುಗಾಟವೇನೋ ನಿಲ್ಲುತ್ತದೆ, ಆದರೆ ನೆಟ್ಟಗಿದ್ದ ಅಡಿಕೆ ಮರಗಳು ಬಳುಕತೊಡಗುತ್ತವೆ.

ಚಿತ್ರೀಕರಣದಲ್ಲೇ ಅರ್ಧ ಕೆಲಸ ಮುಗಿಯಬೇಕು. 4ಕೆ ರೆಸಲ್ಯೂಶನ್‌ನಲ್ಲಿ ಚಿತ್ರೀಕರಿಸಿ ಅದಕ್ಕಿಂತ ಚಿಕ್ಕದಾದ 1080ರಲ್ಲಿ ಎಡಿಟ್ ಮಾಡಿದರೆ ಅಂಚುಗಳನ್ನು ಕತ್ತರಿಸಲು ಬೇಕಾದಷ್ಟು ಜಾಗ ಉಳಿಯುತ್ತದೆ. ಹಗಲಿನಲ್ಲಿ ಶಟರ್ ವೇಗ 1/100 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿರಲಿ. ಅಲುಗಾಟದಿಂದ ಮಸುಕಾದ ಫ್ರೇಮನ್ನು ಯಾವ ಸ್ಟೆಬಿಲೈಸರೂ ಸ್ಪಷ್ಟಗೊಳಿಸುವುದಿಲ್ಲ, ಸ್ಥಿರಗೊಳಿಸಿದ ಮೇಲೆ ಆ ಮಸುಕು ಇನ್ನಷ್ಟು ಎದ್ದು ಕಾಣುತ್ತದೆ. ಮೊಬೈಲ್ ಸೆನ್ಸರ್ ಚಿತ್ರವನ್ನು ಒಮ್ಮೆಲೇ ಗ್ರಹಿಸದೆ ಸಾಲುಸಾಲಾಗಿ ಓದುವುದರಿಂದ, ಬಸ್ಸಿನ ಕಿಟಕಿಯ ಸರಳಿಗೆ ಫೋನನ್ನು ಒತ್ತಿ ಹಿಡಿದರೆ ಎಂಜಿನ್ನಿನ ಕಂಪನ ಪ್ರತಿ ಫ್ರೇಮಿನೊಳಗೇ ಅಲೆಯಾಗಿ ದಾಖಲಾಗುತ್ತದೆ. ಆದ್ದರಿಂದ ಫೋನನ್ನು ಎರಡೂ ಕೈಗಳಲ್ಲಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಯಾವುದಕ್ಕೂ ತಾಗಿಸದೆ ಹಿಡಿಯಬೇಕು.

ನಂತರ ಬೇಕಾದ ತುಣುಕನ್ನಷ್ಟೇ ಕತ್ತರಿಸಿಕೊಳ್ಳಿ.

ಕೆಲಸ ಕೆಡುವುದು ವಿಧಾನವನ್ನು ಆರಿಸುವ ಹಂತದಲ್ಲಿ. ಅಡೋಬಿಯ ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್ ಪ್ರೊದ ವಾರ್ಪ್ ಸ್ಟೆಬಿಲೈಸರ್ ತಾನಾಗಿ 'ಸಬ್‌ಸ್ಪೇಸ್ ವಾರ್ಪ್' ವಿಧಾನವನ್ನೂ ಶೇ 50ರ ನಯವನ್ನೂ (ಸ್ಮೂತ್‌ನೆಸ್) ಹಿಡಿದುಕೊಳ್ಳುತ್ತದೆ. ಈ ವಿಧಾನ ಫ್ರೇಮಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆಯಾಗಿ ಎಳೆಯುತ್ತದೆ. ಹತ್ತಿರದ ಮರ ಮತ್ತು ದೂರದ ಗುಡ್ಡ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲವಾದ್ದರಿಂದ, ಎರಡನ್ನೂ ಒಟ್ಟಿಗೆ ನಿಲ್ಲಿಸುವ ಪ್ರಯತ್ನದಲ್ಲಿ ನಡುವಿನ ಭಾಗ ರಬ್ಬರಿನಂತೆ ಹಿಗ್ಗುತ್ತದೆ. ಹಾಗಾಗಿ ಸರಳ ವಿಧಾನದಿಂದ ಜಟಿಲದತ್ತ ಹೋಗಬೇಕು: ಮೊದಲು ಸ್ಥಾನವನ್ನಷ್ಟೇ ಸರಿಪಡಿಸುವ 'ಪೊಸಿಷನ್', ಸಾಲದಿದ್ದರೆ ಗಾತ್ರ ಮತ್ತು ತಿರುಗುವಿಕೆಯನ್ನೂ ಸರಿಪಡಿಸುವ 'ಪೊಸಿಷನ್, ಸ್ಕೇಲ್, ರೊಟೇಷನ್', ಆಮೇಲೆ 'ಪರ್ಸ್ಪೆಕ್ಟಿವ್'. ಇನ್ನೊಂದು ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ಇದೇ ಕ್ರಮ 'ಟ್ರಾನ್ಸ್‌ಲೇಷನ್', 'ಸಿಮಿಲಾರಿಟಿ', 'ಪರ್ಸ್ಪೆಕ್ಟಿವ್' ಎಂದಿದೆ. ಪ್ರೀಮಿಯರ್‌ನಲ್ಲಿ ನಯವನ್ನು ಶೇ 5ರಿಂದ ಆರಂಭಿಸಿ. ನಡೆಯುತ್ತಾ ತೆಗೆದ ದೃಶ್ಯಕ್ಕೂ ಶೇ 15ನ್ನು ದಾಟಬೇಡಿ. ಸ್ವಲ್ಪ ಅಲುಗಾಟ ಉಳಿದರೆ ಕಣ್ಣು ಸಹಿಸುತ್ತದೆ, ಕರಗುವ ಗೋಡೆಯನ್ನು ಸಹಿಸುವುದಿಲ್ಲ. ಒಂದೇ ಗುಂಡಿ ಕೊಟ್ಟು ಯಾವ ಆಯ್ಕೆಯನ್ನೂ ಬಿಡದ ಮೊಬೈಲ್ ಆ್ಯಪ್‌ಗಳನ್ನು ದೂರವಿಡಿ. ರಿಸಾಲ್ವ್‌ನ ಉಚಿತ ಆವೃತ್ತಿಯೇ ಅವಕ್ಕಿಂತ ಎಷ್ಟೋ ಮೇಲು.

ಪ್ರತಿ ಬದಲಾವಣೆಯ ನಂತರ ಫ್ರೇಮಿನ ಅಂಚಿನಲ್ಲಿರುವ ಒಂದು ನೇರ ಗೆರೆಯನ್ನು, ಅಂದರೆ ಅಡಿಕೆ ಮರ, ಜಗುಲಿಯ ಕಂಬ ಅಥವಾ ಲೈಟುಕಂಬವನ್ನು, ಪೂರ್ಣ ಗಾತ್ರದಲ್ಲಿ ನೋಡಿ. ವಿರೂಪ ಮೊದಲು ಕಾಣಿಸುವುದು ಅಲ್ಲಿ, ನಡುವಿನ ಮುಖದ ಮೇಲಲ್ಲ.

ಜಲಪಾತದ ದೃಶ್ಯಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಜೋಗದ ರಾಜಾ, ರಾಣಿ, ರೋರರ್, ರಾಕೆಟ್ ಧಾರೆಗಳು ಫ್ರೇಮನ್ನು ತುಂಬಿದಾಗ, ಚಲನೆಯನ್ನು ಅಳೆಯಲು ತಂತ್ರಾಂಶ ಹಿಡಿಯುವ ಗುರುತುಬಿಂದುಗಳು ನೀರಿನ ಮೇಲೂ ಮಂಜಿನ ಮೇಲೂ ಕೂರುತ್ತವೆ. ಬೀಳುವ ನೀರನ್ನು ಅದು ಕ್ಯಾಮೆರಾದ ಚಲನೆಯೆಂದು ಭಾವಿಸಿ ಬಂಡೆಯನ್ನು ಮೇಲಕ್ಕೆಳೆಯುತ್ತದೆ. ಅಡೋಬಿಯದೇ ಆಫ್ಟರ್ ಎಫೆಕ್ಟ್ಸ್‌ನ ವಾರ್ಪ್ ಸ್ಟೆಬಿಲೈಸರ್‌ನಲ್ಲಿ ಈ ಬಿಂದುಗಳನ್ನು (ಟ್ರ್ಯಾಕ್ ಪಾಯಿಂಟ್) ತೆರೆದು ನೀರಿನ ಮೇಲಿನವನ್ನೆಲ್ಲ ಅಳಿಸಿ, ಬಂಡೆಯ ಮೇಲಿನವನ್ನು ಮಾತ್ರ ಉಳಿಸಿ. ಬೇಸರ ತರುವ ಕೆಲಸವಾದರೂ ಇದನ್ನು ಬಿಡುವಂತಿಲ್ಲ.

ಕೊನೆಗೆ ಆಟೊ ಸ್ಕೇಲ್, ಅಂದರೆ ಖಾಲಿ ಅಂಚು ಮುಚ್ಚಲು ತಂತ್ರಾಂಶ ಚಿತ್ರವನ್ನು ಹಿಗ್ಗಿಸಿದ ಪ್ರಮಾಣ, ಎಷ್ಟಾಗಿದೆ ಎಂದು ನೋಡಿ. 1080ರಲ್ಲೇ ಚಿತ್ರೀಕರಿಸಿದ್ದರೆ ಅದು ಶೇ 110ನ್ನು ಮೀರಿದಾಗ ನಯವನ್ನು ತಗ್ಗಿಸಿ. ಆಗಲೂ ಇಳಿಯದಿದ್ದರೆ ಜೋರಾಗಿ ಅಲುಗಿದ ಭಾಗವನ್ನೇ ಕತ್ತರಿಸಿ, ಉಳಿದ ತುಣುಕುಗಳನ್ನು ಬೇರೆ ಬೇರೆಯಾಗಿ ಸ್ಥಿರಗೊಳಿಸಿ.